ತಾಯಿಯುಳ್ಳ ಅನಾಥರು

ಅನಾಥ ಎಂಬುದು ಬಹುವ್ರೀಹಿ ಸಮಾಸ. ನಾಥನು ಯಾರಿಗೆ ಇಲ್ಲವೋ ಅವರು ಅನಾಥರು. ಕಾಪಾಡುವವರು, ತನ್ನವರೆಂದು ಹೇಳಿಕೊಳ್ಳುವವರು, ಹಸಿದು ಕೂಗಿದರೆ ಓಗೊಡುವವರು ಇಲ್ಲದವರೆಂದು ಅದರ ಅರ್ಥ. ಬಡವನಿಗೆ ಈ ಶಬ್ದ ಒಪ್ಪುವುದಿಲ್ಲ. ಬಡವನು ದರಿದ್ರನಾಗಬಹುದು, ದೀನನಾಗಬಹುದು, ಅಕಿಂಚನನಾಗಬಹುದು. ಆದರೆ ಗುಡಿಸಲಿನ ಬಾಗಿಲಲ್ಲಿ ತಾಯಿಯೊಬ್ಬಳು ಕಾದು ಕುಳಿತಿರುವವರೆಗೆ ಅವನ ಮಗು ಅನಾಥವಲ್ಲ. ಈ ಎರಡು ಶಬ್ದಗಳ ನಡುವಣ ಅಂತರ ಕೋಶವನ್ನು ನೋಡಿದ ಎಳೆಯ ವಿದ್ಯಾರ್ಥಿಗೂ ತಿಳಿದುದೇ. ಆದರೆ ಆ ಅಂತರವನ್ನು ಮರೆತುದರಿಂದ ಈ ಕಾಲದಲ್ಲಿ ದೊಡ್ಡದೊಂದು ಅನರ್ಥ ನಡೆಯುತ್ತಿದೆ. ಅದೂ ಅಧರ್ಮದ ಹೆಸರಿನಲ್ಲಲ್ಲ, ಧರ್ಮದ ಹೆಸರಿನಲ್ಲಿ, ಸೇವೆಯ ಹೆಸರಿನಲ್ಲಿ.

ಅಮೆರಿಕ, ಇಂಗ್ಲೆಂಡು, ಆಸ್ಟ್ರೇಲಿಯ ಮುಂತಾದ ಸಂಪನ್ನ ದೇಶಗಳ ಕ್ರೈಸ್ತಸಭೆಗಳಿಂದ ತರುಣ ತರುಣಿಯರು ತಂಡ ಕಟ್ಟಿಕೊಂಡು ಕಾಂಬೋಡಿಯ, ನೇಪಾಳ, ಹೈತಿ, ಕೆನ್ಯ, ಉಗಾಂಡ ಮೊದಲಾದ ಬಡದೇಶಗಳ ಅನಾಥಾಲಯಗಳಿಗೆ ಸೇವೆಗೆಂದು ಹೋಗುವ ಪದ್ಧತಿ ಬಹಳವಾಗಿ ಬೆಳೆದಿದೆ. ಹೊರಡುವ ಮುನ್ನ ಸಭೆಯಲ್ಲಿ ಅವರಿಗಾಗಿ ಪ್ರಾರ್ಥನೆ ನಡೆಯುತ್ತದೆ; ನೆರೆಹೊರೆಯವರೂ ಬಂಧುಗಳೂ ಚಂದಾ ಎತ್ತಿ ಪ್ರಯಾಣದ ವೆಚ್ಚವನ್ನು ಒದಗಿಸುತ್ತಾರೆ. ಒಂದು ವಾರವೋ ಎರಡು ವಾರವೋ, ಹೆಚ್ಚೆಂದರೆ ಎರಡು ಮೂರು ತಿಂಗಳೋ ಅವರು ಅಲ್ಲಿರುತ್ತಾರೆ. ಮಕ್ಕಳೊಡನೆ ಆಡುತ್ತಾರೆ, ಹಾಡು ಕಲಿಸುತ್ತಾರೆ, ಗೋಡೆಗೆ ಬಣ್ಣ ಬಳಿಯುತ್ತಾರೆ, ಎಳೆಯ ಕೂಸುಗಳನ್ನು ಎತ್ತಿಕೊಂಡು ಭಾವಚಿತ್ರ ತೆಗೆಸಿಕೊಳ್ಳುತ್ತಾರೆ. ಹೊರಡುವ ದಿನ ಬಂದವರೂ ಅಳುತ್ತಾರೆ, ಮಕ್ಕಳೂ ಅಳುತ್ತವೆ. ಊರಿಗೆ ಹಿಂದಿರುಗಿದ ಮೇಲೆ ಸಭೆಯ ಮುಂದೆ ನಿಂತು, ತಾವು ಕೊಟ್ಟುದಕ್ಕಿಂತ ಪಡೆದುದೇ ಹೆಚ್ಚೆಂದು ಹೇಳುತ್ತಾರೆ. ಆ ಕೊನೆಯ ಮಾತು ಅವರು ತಿಳಿದಿರುವುದಕ್ಕಿಂತಲೂ ಹೆಚ್ಚು ನಿಜ.

ಇವರ ಮನಸ್ಸು ಒಳ್ಳೆಯದೆಂಬುದರಲ್ಲಿ ಯಾರಿಗೂ ಸಂದೇಹ ಬೇಡ. ಇಪ್ಪತ್ತು ವರ್ಷದ ಹುಡುಗಿಯೊಬ್ಬಳು ರಜೆಯ ವಿಹಾರವನ್ನು ಬಿಟ್ಟು, ಸೊಳ್ಳೆಪರದೆಯೊಳಗೆ ಮಲಗಿ, ಗುರುತಿಲ್ಲದ ಮಕ್ಕಳ ಮೂಗೊರಸುವುದಕ್ಕೆ ಹೋಗುವಳೆಂದರೆ ಅದನ್ನು ಹಳಿಯುವ ನಾಲಗೆ ಒರಟಾದುದು. ಆದರೆ ವೈದ್ಯನ ಸದುದ್ದೇಶದಿಂದ ಔಷಧದ ಗುಣ ನಿರ್ಣಯವಾಗುವುದಿಲ್ಲ. ಔಷಧ ರೋಗವನ್ನು ಹೆಚ್ಚಿಸುತ್ತಿದ್ದರೆ, ಕೊಡುವ ಕೈ ಎಷ್ಟು ಮೃದುವಾದರೂ ಅದನ್ನು ತಡೆಯಲೇಬೇಕಾಗುತ್ತದೆ. ಈ ಸೇವೆ ರೋಗವನ್ನು ಹೆಚ್ಚಿಸುತ್ತಿದೆ. ಅಷ್ಟೇ ಅಲ್ಲ, ಇಲ್ಲದ ರೋಗವನ್ನು ಹುಟ್ಟಿಸುತ್ತಿದೆ. ಅದು ಅನಾಥರಿದ್ದೆಡೆಗೆ ಹೋಗುತ್ತಿಲ್ಲ. ಅದು ಹೋದೆಡೆಯಲ್ಲಿ ಅನಾಥರು ಹುಟ್ಟುತ್ತಿದ್ದಾರೆ.

ಮಾತು ಕಠಿನವೆಂದು ತೋರಿದರೆ ಕಾಂಬೋಡಿಯದ ಕಥೆಯನ್ನು ನೋಡಬಹುದು. ೧೯೭೫ರಿಂದ ೧೯೭೯ರವರೆಗೆ ಖ್ಮೇರ್ ರೂಜ್ ಆಳ್ವಿಕೆಯಲ್ಲಿ ಆ ದೇಶ ಶ್ಮಶಾನವಾಯಿತು. ೧೫ ಲಕ್ಷಕ್ಕೂ ಹೆಚ್ಚು ಜನ ಹಸಿವಿನಿಂದಲೂ ರೋಗದಿಂದಲೂ ಕೊಲೆಯಿಂದಲೂ ಸತ್ತರು. ಆಗ ಅಲ್ಲಿ ನಿಜವಾದ ಅನಾಥರು ಸಾವಿರಾರು ಮಂದಿ ಇದ್ದರು. ಆದರೆ ಆ ಮಕ್ಕಳು ೨೦೦೫ರ ವೇಳೆಗೆ ಇಪ್ಪತ್ತೈದನ್ನು ದಾಟಿ, ತಾವೇ ತಂದೆತಾಯಿಗಳಾಗಿದ್ದರು. ದೇಶದಲ್ಲಿ ಯುದ್ಧ ನಿಂತಿತ್ತು, ಕ್ಷಾಮವಿರಲಿಲ್ಲ. ಹೀಗಿರುವಾಗ ಅನಾಥಾಲಯಗಳು ಕಡಮೆಯಾಗಬೇಕಾದುದು ನ್ಯಾಯ. ಆದದ್ದು ಅದಕ್ಕೆ ವಿರುದ್ಧ. ೨೦೦೫ರಲ್ಲಿ ೧೫೩ ಇದ್ದ ಅನಾಥಾಲಯಗಳು ೨೦೧೦ರಲ್ಲಿ ೨೬೯ ಆದವು. ಅವುಗಳಲ್ಲಿ ಸರ್ಕಾರದವು ೨೧ ಮಾತ್ರ. ಉಳಿದುವೆಲ್ಲ ದಾನಿಗಳ ಹಣದಿಂದ ನಡೆಯುವ ಖಾಸಗಿ ಸಂಸ್ಥೆಗಳು, ಅವುಗಳಲ್ಲಿ ಬಹಳವು ಕ್ರೈಸ್ತ ಸಂಸ್ಥೆಗಳು. ಯೂನಿಸೆಫ್ ಸಂಸ್ಥೆಯೂ ಆ ದೇಶದ ಸರ್ಕಾರವೂ ಕೂಡಿ ೨೦೧೧ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಅವುಗಳೊಳಗಿನ ಮಕ್ಕಳಲ್ಲಿ ನಾಲ್ಕರಲ್ಲಿ ಮೂರು ಪಾಲಿನಷ್ಟು ಮಂದಿಗೆ ತಂದೆಯೋ ತಾಯಿಯೋ ಇಬ್ಬರೂ ಕೂಡಿಯೋ ಬದುಕಿದ್ದರು.

ಹಾಗಾದರೆ ಆ ಐದು ವರ್ಷಗಳಲ್ಲಿ ಹೆಚ್ಚಿದುದೇನು? ಹೆಚ್ಚಿದುದು ಪರದೇಶದ ಪ್ರವಾಸಿಗಳ ಸಂಖ್ಯೆ. ೨೦೦೫ರಲ್ಲಿ ಸುಮಾರು ೧೪ ಲಕ್ಷ ಮಂದಿ ಬಂದಿದ್ದ ದೇಶಕ್ಕೆ ೨೦೧೦ರಲ್ಲಿ ೨೫ ಲಕ್ಷ ಮಂದಿ ಬಂದರು. ಅಂಗ್ಕೋರ್ ದೇವಾಲಯಗಳನ್ನು ನೋಡಲು ಸಿಯೆಮ್ ರೀಪ್ ಪಟ್ಟಣಕ್ಕೆ ಬಂದವರು ಬೆಳಿಗ್ಗೆ ವಿಷ್ಣುವಿನ ಗುಡಿಯನ್ನು ನೋಡಿ, ಮಧ್ಯಾಹ್ನ ಅನಾಥರನ್ನು ನೋಡಿ, ಸಂಜೆ ಅದೇ ಮಕ್ಕಳ ನೃತ್ಯವನ್ನು ನೋಡಿ, ಪೆಟ್ಟಿಗೆಯಲ್ಲಿ ಹಣ ಹಾಕಿ ಹೋಗುವ ಏರ್ಪಾಡು ಬೆಳೆಯಿತು. ಕೆಲವು ಕಡೆ ಮಕ್ಕಳೇ ರಾತ್ರಿ ಬೀದಿಯಲ್ಲಿ ನಿಂತು ಪ್ರವಾಸಿಗಳಿಗೆ ಕರಪತ್ರ ಹಂಚಿ ತಮ್ಮ ಆಶ್ರಮಕ್ಕೆ ಕರೆಯುತ್ತಿದ್ದರು. ಬೇಡಿಕೆಯಿದ್ದಲ್ಲಿ ಸರಕು ಬರುವುದು ಸಂತೆಯ ನಿಯಮ. ನೋಡಲು ಅನಾಥರು ಬೇಕೆಂದು ಹಣ ಹಿಡಿದು ಬರುವವರು ಇದ್ದ ಮೇಲೆ ಅನಾಥರನ್ನು ಒದಗಿಸುವವರು ಇಲ್ಲದೆ ಹೋದಾರೆಯೆ?

ಒದಗಿಸುವ ಬಗೆ ಸರಳವಾದುದು. ಹಳ್ಳಿಯ ಬಡ ಮನೆಗೆ ಪಟ್ಟಣದಿಂದ ಒಬ್ಬನು ಬರುತ್ತಾನೆ. ಮೂರು ಹೊತ್ತು ಊಟ, ಇಂಗ್ಲಿಷ್ ಪಾಠ, ಶುಭ್ರವಾದ ಬಟ್ಟೆ, ಪರದೇಶದ ದೊಡ್ಡ ಮನುಷ್ಯರ ಆಶ್ರಯ, ಇಷ್ಟೂ ಮಗುವಿಗೆ ದೊರೆಯುವುದೆಂದು ಹೇಳುತ್ತಾನೆ. ತಾಯಿಗೆ ಮಗುವನ್ನು ಬಿಡಲು ಮನಸ್ಸಿಲ್ಲ. ಆದರೆ ಶಾಲೆ ದೂರ, ಪುಸ್ತಕಕ್ಕೆ ಹಣವಿಲ್ಲ, ಗಂಡನ ಸಾಲ ತೀರಿಲ್ಲ. ಆಕೆ ಮಗುವನ್ನು ಕಳುಹಿಸುವುದು ಪ್ರೀತಿಯಿಲ್ಲದುದರಿಂದಲ್ಲ, ಪ್ರೀತಿಯಿರುವುದರಿಂದ. ಯಾವ ಧರ್ಮಾತ್ಮನೂ ಆಕೆಯ ಹಳ್ಳಿಗೆ ಬಂದು, ಇಲ್ಲಿಯೇ ಇರಿಸಿಕೊ, ಶಾಲೆಯ ವೆಚ್ಚವನ್ನು ಕೊಡುತ್ತೇವೆ ಎಂದು ಹೇಳುವುದಿಲ್ಲ. ಸಾವಿರಾರು ಮೈಲಿ ಹಾರಿ ಬರುವ ಕರುಣೆ ಪಟ್ಟಣದಿಂದ ಹಳ್ಳಿಗೆ ಹೋಗುವ ಕೊನೆಯ ಹತ್ತು ಮೈಲಿಯನ್ನು ನಡೆಯದೆ ನಿಂತುಬಿಡುತ್ತದೆ.

ನೇಪಾಳದಲ್ಲಿ ಈ ವ್ಯಾಪಾರ ಇನ್ನೂ ಕ್ರೂರವಾದ ರೂಪವನ್ನು ತಾಳಿತು. ೧೯೯೬ರಿಂದ ೨೦೦೬ರವರೆಗೆ ಅಲ್ಲಿ ನಡೆದ ಅಂತರ್ಯುದ್ಧದ ಕಾಲದಲ್ಲಿ ಹುಮ್ಲಾ ಮೊದಲಾದ ದೂರದ ಪರ್ವತಪ್ರಾಂತಗಳಿಗೆ ದಳ್ಳಾಳಿಗಳು ಹೋಗಿ, ಮಕ್ಕಳನ್ನು ಯುದ್ಧದಿಂದ ಪಾರುಮಾಡಿ ಓದಿಸುವೆವೆಂದು ತಂದೆತಾಯಿಗಳಿಂದಲೇ ಹಣ ಪಡೆದು ಕಾಠ್ಮಂಡುವಿಗೆ ಕರೆತಂದರು. ಅಲ್ಲಿ ಆ ಮಕ್ಕಳ ತಂದೆತಾಯಿಗಳು ಸತ್ತರೆಂದು ಸುಳ್ಳು ಪತ್ರಗಳನ್ನು ಸೃಷ್ಟಿಸಿದರು. ಇಂಥವರಿಗೆ ಕಾಗದದ ಅನಾಥರೆಂದು ಹೆಸರಾಯಿತು. ಜೀವಂತಳಾದ ತಾಯಿಗೆ ಕಾಗದದಲ್ಲಿ ಸಾವು. ತಾಯಿಯುಳ್ಳ ಮಗುವಿಗೆ ಕಾಗದದಲ್ಲಿ ಅನಾಥತ್ವ. ಆ ದೇಶದ ಅನಾಥಾಲಯಗಳಲ್ಲಿ ಬಹುಪಾಲು ಎಲ್ಲಿದ್ದುವೆಂದು ವಿಚಾರಿಸಿದವರಿಗೆ ಇನ್ನೊಂದು ಸಂಗತಿ ಕಂಡಿತು. ಅವು ಬಡತನ ಹೆಚ್ಚಾದ ಜಿಲ್ಲೆಗಳಲ್ಲಿರಲಿಲ್ಲ; ಕಾಠ್ಮಂಡು, ಲಲಿತಪುರ, ಭಕ್ತಪುರ, ಪೋಖರಾ ಇರುವ ಕಾಸ್ಕಿ, ಚಿತವನ ಎಂಬ ಐದು ಜಿಲ್ಲೆಗಳಲ್ಲಿದ್ದುವು. ಪರದೇಶದ ಪ್ರವಾಸಿಗಳು ಹೋಗುವುದೂ ಈ ಐದಕ್ಕೇ. ಕಾರಣಕಾರ್ಯಭಾವಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆಯನ್ನು ತರ್ಕಶಾಸ್ತ್ರದ ಗ್ರಂಥಗಳಲ್ಲಿಯೂ ಹುಡುಕಬೇಕಾಗುತ್ತದೆ.

ಇವು ದಳ್ಳಾಳಿಗಳ ದುಷ್ಕೃತ್ಯ, ಭಕ್ತರ ತಪ್ಪಲ್ಲ ಎನ್ನಬಹುದು. ೨೦೧೦ರ ಜನವರಿ ೧೨ರಂದು ಹೈತಿಯಲ್ಲಿ ಭೀಕರವಾದ ಭೂಕಂಪವಾಯಿತು. ಆ ತಿಂಗಳು ಮುಗಿಯುವುದರೊಳಗೆ ಅಮೆರಿಕದ ಬ್ಯಾಪ್ಟಿಸ್ಟ್ ಸಭೆಗಳಿಂದ ಬಂದಿದ್ದ ಹತ್ತು ಮಂದಿ ಸೇವಕರು ೩೩ ಮಕ್ಕಳನ್ನು ಬಸ್ಸಿನಲ್ಲಿ ಕೂರಿಸಿಕೊಂಡು, ತಕ್ಕ ಅನುಮತಿಪತ್ರಗಳಿಲ್ಲದೆ ನೆರೆಯ ಡೊಮಿನಿಕನ್ ದೇಶಕ್ಕೆ ಸಾಗಿಸುವಾಗ ಗಡಿಯಲ್ಲಿ ಸಿಕ್ಕಿಬಿದ್ದರು. ಅಲ್ಲಿ ಅನಾಥಾಲಯವೊಂದನ್ನು ತೆರೆಯುವುದು ಅವರ ಉದ್ದೇಶವಾಗಿತ್ತು. ವಿಚಾರಣೆಯಲ್ಲಿ ಆ ಮಕ್ಕಳಲ್ಲಿ ಬಹುಮಂದಿಗೆ ತಂದೆತಾಯಿಗಳು ಇರುವುದು ಗೊತ್ತಾಯಿತು. ಒಳ್ಳೆಯ ಶಾಲೆ, ಒಳ್ಳೆಯ ಬಾಳು ಎಂಬ ಮಾತನ್ನು ನಂಬಿ ಅವರು ತಾವಾಗಿಯೇ ಮಕ್ಕಳನ್ನು ಒಪ್ಪಿಸಿದ್ದರು. ಇಲ್ಲಿ ದಳ್ಳಾಳಿಗಳ ವಂಚನೆಯನ್ನೇ ಕಾರಣವೆನ್ನುವಂತಿಲ್ಲ. ದೇವರ ಕಾರ್ಯವನ್ನು ಮಾಡುತ್ತಿದ್ದೇವೆಂಬ ದೃಢವಾದ ನಂಬಿಕೆಯೇ, ಆ ಮಗುವಿಗೆ ತಾಯಿ ಇರುವಳೆ ಎಂಬ ಮೊದಲ ಪ್ರಶ್ನೆಯನ್ನು ಕೇಳಗೊಡಲಿಲ್ಲ.

ಇನ್ನು ಈ ಯಾತ್ರಿಕರು ತಮ್ಮ ಸೇವೆಗೆ ಆಧಾರವೆಂದು ಹಿಡಿದಿರುವ ವಚನವನ್ನೇ ಪರೀಕ್ಷಿಸುವುದು ನ್ಯಾಯ. ಹೊಸ ಒಡಂಬಡಿಕೆಯಲ್ಲಿ ಯಾಕೋಬನ ಪತ್ರಿಕೆಯೆಂಬುದೊಂದುಂಟು. ಅದರ ಮೊದಲನೆಯ ಅಧ್ಯಾಯದ ಕೊನೆಯ ವಚನದಲ್ಲಿ, ಕಷ್ಟದಲ್ಲಿರುವ ಅನಾಥರನ್ನೂ ವಿಧವೆಯರನ್ನೂ ವಿಚಾರಿಸಿಕೊಳ್ಳುವುದು ನಿರ್ಮಲವಾದ ಭಕ್ತಿಯ ಲಕ್ಷಣವೆಂಬ ಅಭಿಪ್ರಾಯವಿದೆ. ಇಂಗ್ಲಿಷಿನ ಹಳೆಯ ಭಾಷಾಂತರದಲ್ಲಿ ವಿಚಾರಿಸಿಕೊಳ್ಳುವುದೆಂಬುದಕ್ಕೆ ಹೋಗಿ ನೋಡುವುದೆಂಬ ಅರ್ಥದ ಶಬ್ದವನ್ನು ಹಾಕಿದ್ದಾರೆ. ಅದನ್ನು ಓದಿ, ನೋಡಿಬಂದರೆ ವಚನ ನೆರವೇರಿತೆಂದು ಸಾವಿರಾರು ಜನ ತಿಳಿದಿದ್ದಾರೆ. ಮೂಲದಲ್ಲಿರುವ ಗ್ರೀಕ್ ಶಬ್ದ ಎಪಿಸ್ಕೆಪ್ಟೆಸ್ಥೈ. ಮೇಲ್ವಿಚಾರಣೆ ಮಾಡು, ಯೋಗಕ್ಷೇಮವನ್ನು ವಹಿಸಿಕೊ ಎಂಬುದು ಅದರ ಭಾವ. ಸಭೆಯ ಅಧ್ಯಕ್ಷನಾದ ಬಿಷಪ್ಪನಿಗೆ ಆ ಹೆಸರು ಬಂದುದೂ ಅದೇ ಧಾತುವಿನಿಂದ. ಬಿಷಪ್ಪನು ತನ್ನ ಸಭೆಯನ್ನು ಎರಡು ವಾರ ನೋಡಿ, ಚಿತ್ರ ತೆಗೆಸಿಕೊಂಡು ಹೋಗತಕ್ಕವನೆಂದು ಯಾರೂ ಹೇಳರು.

ಅನಾಥರಿಗೆ ಅಲ್ಲಿ ಬಳಸಿರುವ ಶಬ್ದ ಆರ್ಫನೊಸ್. ಸಂಸ್ಕೃತದ ಅರ್ಭಕ ಶಬ್ದ ಅದಕ್ಕೆ ಬಂಧುವೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಯೆಹೂದ್ಯರ ಧರ್ಮಗ್ರಂಥಗಳ ಸಂಪ್ರದಾಯದಲ್ಲಿ ಈ ಶಬ್ದಕ್ಕೆ ಮುಖ್ಯವಾಗಿ ತಂದೆಯಿಲ್ಲದ ಮಗುವೆಂದು ಅರ್ಥ. ಆದುದರಿಂದಲೇ ಆ ಗ್ರಂಥಗಳಲ್ಲಿ ಅನಾಥನೂ ವಿಧವೆಯೂ ಮತ್ತೆ ಮತ್ತೆ ಜೊತೆಯಾಗಿ ಬರುತ್ತಾರೆ. ಅವರು ಎರಡು ಬೇರೆ ಬೇರೆ ವರ್ಗದವರಲ್ಲ; ಒಂದೇ ಮನೆಯವರು. ವಿಧವೆ ತಾಯಿ, ಅನಾಥ ಅವಳ ಮಗು. ಈಗ ಅನಾಥಾಲಯದ ಪಕ್ಷಪಾತಿಗಳು ಉಭಯತಃಪಾಶಕ್ಕೆ ಸಿಕ್ಕುತ್ತಾರೆ. ಅನಾಥನೆಂದರೆ ಯಾರೂ ಇಲ್ಲದವನೆಂದು ಅವರು ಹೇಳಿದರೆ, ಆ ಆಲಯಗಳಲ್ಲಿರುವ ಬಹುಪಾಲು ಮಕ್ಕಳು ಅನಾಥರಲ್ಲ. ತಂದೆಯಿಲ್ಲದವನೆಂದು ಹೇಳಿದರೆ, ಅದೇ ವಾಕ್ಯದಲ್ಲಿ ಪಕ್ಕದಲ್ಲಿಯೇ ಅವನ ತಾಯಿ ನಿಂತಿದ್ದಾಳೆ. ಅವಳನ್ನು ಬಿಟ್ಟು ಅವನೊಬ್ಬನನ್ನು ಎತ್ತಿಕೊಂಡು ಹೋಗಲು ವಚನ ಅವಕಾಶ ಕೊಡುವುದಿಲ್ಲ. ಯಾಕೋಬನು ಒಂದೇ ಉಸಿರಿನಲ್ಲಿ ಹೇಳಿದವರನ್ನು ಎರಡಾಗಿ ಸೀಳಿ, ಮಗುವನ್ನು ಪಟ್ಟಣಕ್ಕೂ ತಾಯಿಯನ್ನು ಮರವೆಗೂ ಒಪ್ಪಿಸುವುದು ಯಾವ ವ್ಯಾಖ್ಯಾನ?

ಹಳೆಯ ಒಡಂಬಡಿಕೆಯಲ್ಲಿ ಎಲೀಷನೆಂಬ ಪ್ರವಾದಿಯ ಕಥೆಯುಂಟು. ಸತ್ತ ಗಂಡನ ಸಾಲಕ್ಕಾಗಿ ಸಾಲಗಾರನು ತನ್ನ ಇಬ್ಬರು ಮಕ್ಕಳನ್ನು ಜೀತಕ್ಕೆ ಎಳೆದೊಯ್ಯಲು ಬಂದಿರುವನೆಂದು ವಿಧವೆಯೊಬ್ಬಳು ಅವನಲ್ಲಿ ಮೊರೆಯಿಟ್ಟಳು. ಪ್ರವಾದಿ ಆ ಹುಡುಗರನ್ನು ತನ್ನ ಆಶ್ರಮಕ್ಕೆ ಕರೆದುಕೊಳ್ಳಲಿಲ್ಲ. ಮನೆಯಲ್ಲಿ ಏನಿದೆಯೆಂದು ಕೇಳಿದನು. ಒಂದು ಕುಡಿಕೆ ಎಣ್ಣೆ ಇತ್ತು. ಅದನ್ನು ನೆರೆಯವರಿಂದ ತಂದ ಪಾತ್ರೆಗಳ ತುಂಬ ಉಕ್ಕಿಸಿ, ಮಾರಿ ಸಾಲ ತೀರಿಸಿ, ಉಳಿದುದರಿಂದ ಮಕ್ಕಳೊಡನೆ ಬಾಳೆಂದು ಹೇಳಿ ಕಳುಹಿಸಿದನು. ನಾಯಿನ್ ಊರಿನ ವಿಧವೆಯ ಸತ್ತ ಮಗನನ್ನು ಯೇಸು ಎಬ್ಬಿಸಿದಾಗಲೂ ಅವನನ್ನು ಅವಳ ಕೈಗೇ ಕೊಟ್ಟನೆಂದು ಲೂಕನ ಸುವಾರ್ತೆ ತಿಳಿಸುತ್ತದೆ. ಇಂಥ ಪವಾಡಗಳನ್ನು ನಂಬುವವರು ಅವುಗಳ ಕೊನೆಯನ್ನೂ ಓದಬೇಡವೆ? ಮಗು ತಾಯಿಗೆ ಸೇರುವುದರಲ್ಲಿ ಅವೆರಡೂ ಮುಗಿಯುತ್ತವೆ.

ಕ್ರೈಸ್ತಲೋಕದಲ್ಲಿ ಅನಾಥರ ಸೇವೆಯೆಂದರೆ ಮೊದಲು ನೆನಪಿಗೆ ಬರುವ ಹೆಸರು ಜಾರ್ಜ್ ಮುಲ್ಲರನದು. ೧೮೩೬ರಲ್ಲಿ ಆತನು ಇಂಗ್ಲೆಂಡಿನ ಬ್ರಿಸ್ಟಲ್ ಪಟ್ಟಣದಲ್ಲಿ ಅನಾಥಗೃಹವನ್ನು ತೆರೆದನು. ಯಾರನ್ನೂ ಹಣ ಬೇಡದೆ ಪ್ರಾರ್ಥನೆಯೊಂದರಿಂದಲೇ ನಡೆಸಿದನೆಂದು ಪ್ರಸಿದ್ಧಿ. ಇಂದಿನ ಯಾತ್ರಿಕರು ಈ ಮಹನೀಯನನ್ನು ಆದರ್ಶವೆಂದು ಹೇಳುವುದುಂಟು. ಆದರೆ ಆತನ ಗೃಹಗಳಿಗೆ ಸೇರಬೇಕಾದರೆ ತಂದೆ ತಾಯಿ ಇಬ್ಬರೂ ಸತ್ತಿರಬೇಕೆಂಬ ನಿಯಮವಿತ್ತೆಂಬುದನ್ನು ಹೇಳುವುದಿಲ್ಲ. ಆ ನಿಯಮವನ್ನು ಕಾಂಬೋಡಿಯದ ಆಲಯಗಳಿಗೆ ಅನ್ವಯಿಸಿದ್ದರೆ ನಾಲ್ಕರಲ್ಲಿ ಮೂರು ಮಕ್ಕಳು ಬಾಗಿಲಿನಿಂದಲೇ ಮನೆಗೆ ಹಿಂದಿರುಗುತ್ತಿದ್ದರು. ಮುಲ್ಲರನ ಆ ದೊಡ್ಡ ಕಟ್ಟಡಗಳೂ ೧೯೫೮ರಲ್ಲಿ ಮಾರಾಟವಾದುವು. ಏಕೆಂದರೆ ಮಕ್ಕಳನ್ನು ಸಾಲುಮಂಚಗಳ ಮೇಲೆ ನೂರಾರಾಗಿ ಬೆಳೆಸುವುದು ಹಿತವಲ್ಲ, ಸಂಸಾರಗಳಲ್ಲಿ ಬೆಳೆಸಬೇಕು ಎಂಬ ಅರಿವು ಇಂಗ್ಲೆಂಡಿಗೆ ಬಂದಿತ್ತು. ೧೯೪೮ರ ಮಕ್ಕಳ ಶಾಸನವೂ ಆ ದಾರಿಯನ್ನೇ ಹಿಡಿದಿತ್ತು.

ಆಸ್ಟ್ರೇಲಿಯದ ಅನುಭವ ಇನ್ನೂ ಕಹಿಯಾದುದು. ೨೦ನೆಯ ಶತಮಾನದಲ್ಲಿ ಆ ದೇಶದಲ್ಲಿ ೫ ಲಕ್ಷದಷ್ಟು ಮಕ್ಕಳು ಅನಾಥಾಲಯಗಳಲ್ಲಿಯೂ ಅಂಥ ಇತರ ಆಲಯಗಳಲ್ಲಿಯೂ ಪರರ ಆಶ್ರಯದಲ್ಲಿಯೂ ಬೆಳೆದರು. ಆ ಆಲಯಗಳಲ್ಲಿ ಅನೇಕವನ್ನು ಸಭೆಗಳೇ ನಡೆಸುತ್ತಿದ್ದುವು. ಅಲ್ಲಿ ಅವರು ಪಟ್ಟ ಪಾಡನ್ನು ಕೇಳಿ, ೨೦೦೯ರ ನವೆಂಬರ್ ೧೬ರಂದು ಆ ದೇಶದ ಪ್ರಧಾನಮಂತ್ರಿ ಕೆವಿನ್ ರಡ್ ಪಾರ್ಲಿಮೆಂಟಿನ ಭವನದಲ್ಲಿ ಅವರೆಲ್ಲರ ಕ್ಷಮೆ ಬೇಡಿದರು. ತನ್ನ ಮಕ್ಕಳಿಗೆ ವಿಷವೆಂದು ಕಂಡುದನ್ನು ಪರರ ಮಕ್ಕಳಿಗೆ ಪ್ರಸಾದವೆಂದು ಹಂಚುವುದು ಹೇಗೆ ಧರ್ಮವಾದೀತು? ಈ ಯಾತ್ರಿಕರ ಸ್ವದೇಶಗಳಲ್ಲಿ ಹಳೆಯ ಬಗೆಯ ಅನಾಥಾಲಯಗಳು ಹೆಚ್ಚುಕಡಮೆ ಮುಚ್ಚಿಹೋಗಿವೆ. ಅಲ್ಲಿಯ ಶಿಶುಗೃಹಕ್ಕೆ ದಾರಿಹೋಕನೊಬ್ಬನು ನುಗ್ಗಿ, ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವೆನೆಂದರೆ ಪೋಲೀಸರು ಬರುತ್ತಾರೆ. ಅದೇ ಮನುಷ್ಯನು ವಿಮಾನದಲ್ಲಿ ಸಮುದ್ರವನ್ನು ದಾಟಿದೊಡನೆ ಯಾವ ವಿಚಾರಣೆಯೂ ಇಲ್ಲದೆ ಮಕ್ಕಳ ಮಲಗುವ ಕೋಣೆಯವರೆಗೂ ಹೋಗಬಹುದಾದರೆ, ಆ ಬಡದೇಶದ ಮಗುವಿನ ಬೆಲೆಯನ್ನು ಏನೆಂದು ಕಟ್ಟಿದಂತಾಯಿತು?

ಅಲ್ಲಿಯ ಮಕ್ಕಳು ತಮ್ಮನ್ನು ಕಂಡೊಡನೆ ಓಡಿಬಂದು ತಬ್ಬಿಕೊಂಡುವೆಂದು ಈ ಯಾತ್ರಿಕರು ಹೆಮ್ಮೆಯಿಂದ ಹೇಳುತ್ತಾರೆ. ಇದಕ್ಕಿಂತ ಕರುಣಾಜನಕವಾದ ಮಾತು ಮತ್ತೊಂದಿಲ್ಲ. ಮನೆಯಲ್ಲಿ ಬೆಳೆದ ಮೂರು ವರ್ಷದ ಮಗು ಹೊಸಬರನ್ನು ಕಂಡರೆ ತಾಯಿಯ ಸೆರಗಿನ ಹಿಂದೆ ಅಡಗುತ್ತದೆ. ಅದು ಆರೋಗ್ಯದ ಗುರುತು. ಕಂಡಕಂಡವರ ಕೊರಳಿಗೆ ಬೀಳುವ ಮಗು ಪ್ರೀತಿಯನ್ನು ತೋರಿಸುತ್ತಿಲ್ಲ. ಪ್ರೀತಿಸತಕ್ಕವರು ಇವರೆಂದು ಗೊತ್ತುಮಾಡಿಕೊಳ್ಳಲು ತನಗೆ ಯಾರೂ ನಿಲ್ಲಲಿಲ್ಲವೆಂದು ಸಾರುತ್ತಿದೆ. ಈ ಲಕ್ಷಣವನ್ನು ಮನೋವೈದ್ಯರು ವ್ಯಾಧಿಗಳಲ್ಲಿ ಎಣಿಸಿದ್ದಾರೆ. ಎರಡು ವಾರಕ್ಕೊಮ್ಮೆ ಹೊಸ ಅಕ್ಕ, ಹೊಸ ಅಣ್ಣ ಬಂದು ಎತ್ತಿ ಮುದ್ದಾಡಿ ಮಾಯವಾದರೆ, ಆ ಮಗು ಪ್ರತಿಸಲವೂ ಕಲಿಯುವ ಪಾಠ ಒಂದೇ. ಪ್ರೀತಿಸುವವರೆಲ್ಲ ಹೊರಟುಹೋಗುವವರು.

ಇದು ಬರಿಯ ಭಾವುಕತೆಯಲ್ಲ, ಶಾಸ್ತ್ರಸಿದ್ಧವಾದ ಸಂಗತಿ. ೧೯೪೫ರಲ್ಲಿ ರೆನೆ ಸ್ಪಿಟ್ಸ್ ಎಂಬ ವೈದ್ಯನು ಎರಡು ಬಗೆಯ ಶಿಶುಗಳನ್ನು ಹೋಲಿಸಿ ಬರೆದನು. ಒಂದು ಗುಂಪು ಶುಚಿಯಾದ ಶಿಶುಪಾಲನಾಲಯದಲ್ಲಿ ದಾದಿಯರ ಕೈಯಲ್ಲಿ ಬೆಳೆಯುತ್ತಿತ್ತು. ಇನ್ನೊಂದು ಸೆರೆಮನೆಯಲ್ಲಿ, ಅಪರಾಧಿಗಳಾದ ಸ್ವಂತ ತಾಯಂದಿರ ಕೈಯಲ್ಲಿ. ಸೆರೆಮನೆಯ ಮಕ್ಕಳು ಚೆನ್ನಾಗಿ ಬೆಳೆದುವು. ಶುಚಿಯಾದ ಆಲಯದ ಮಕ್ಕಳು ಸೊರಗಿದುವು. ರುಮೇನಿಯದಲ್ಲಿ ಚೌಶೆಸ್ಕುವಿನ ಆಳ್ವಿಕೆ ೧೯೮೯ರಲ್ಲಿ ಕೊನೆಗೊಂಡಾಗ ಲಕ್ಷಕ್ಕೂ ಹೆಚ್ಚು ಮಕ್ಕಳು ಸರ್ಕಾರದ ಆಲಯಗಳಲ್ಲಿದ್ದರು. ೨೦೦೦ದಿಂದ ಮುಂದಕ್ಕೆ ಬುಖಾರೆಸ್ಟ್ ನಗರದ ಇಂಥ ೧೩೬ ಶಿಶುಗಳನ್ನು ವಿದ್ವಾಂಸರು ಪರೀಕ್ಷೆಗೆ ತೆಗೆದುಕೊಂಡು, ಅರ್ಧದಷ್ಟನ್ನು ಸಾಕುಸಂಸಾರಗಳಿಗೆ ಸೇರಿಸಿದರು. ಸಂಸಾರ ಸೇರಿದವರ ಬುದ್ಧಿಶಕ್ತಿ ಆಲಯದಲ್ಲಿ ಉಳಿದವರಿಗಿಂತ ಉತ್ತಮವಾಗಿ ಬೆಳೆಯಿತು. ಎಷ್ಟು ಬೇಗ ಸೇರಿದರೋ ಅಷ್ಟು ಹೆಚ್ಚು ಲಾಭ ಕಂಡಿತು. ಇದು ೨೦೦೭ರಲ್ಲಿ ಪ್ರಕಟವಾಯಿತು. ಸಂಸಾರದಲ್ಲಿ ತಾಯಿಯ ಸ್ಥಾನದಲ್ಲಿ ಒಬ್ಬಳು ನಿಲ್ಲುವುದರ ಫಲ ಇಷ್ಟಾದರೆ, ಹೆತ್ತ ತಾಯಿಯಿಂದಲೇ ಮಗುವನ್ನು ಬಿಡಿಸುವುದರ ನಷ್ಟವನ್ನು ಲೆಕ್ಕ ಹಾಕುವವರಾರು?

ಪಾಠದ ವಿಷಯವೂ ಇದೇ ಬಗೆಯದು. ಕಲಿಸುವುದೊಂದು ವಿದ್ಯೆ, ಅದಕ್ಕೆ ಭಾಷೆ ಬೇಕು, ಕ್ರಮ ಬೇಕು, ಮಗು ನಿನ್ನೆ ಎಲ್ಲಿ ತಡವರಿಸಿತೆಂಬ ನೆನಪು ಬೇಕು. ಖ್ಮೇರ್ ಭಾಷೆಯ ಒಂದಕ್ಷರವನ್ನೂ ಅರಿಯದವರು ಬಂದು ಇಂಗ್ಲಿಷ್ ಅಕ್ಷರಗಳ ಹಾಡಿನಿಂದ ಪ್ರಾರಂಭಿಸುತ್ತಾರೆ. ಎರಡು ವಾರದ ಮೇಲೆ ಬೇರೊಬ್ಬರು ಬಂದು ಮತ್ತೆ ಅದೇ ಹಾಡಿನಿಂದ ಪ್ರಾರಂಭಿಸುತ್ತಾರೆ. ಮಗು ಎಂದೋ ಕಲಿತುದನ್ನು ಹೊಸದಾಗಿ ಕಲಿಯುವಂತೆ ನಟಿಸಿ ಅತಿಥಿಯನ್ನು ಸಂತೋಷಪಡಿಸುತ್ತದೆ. ಇಲ್ಲಿ ಯಾರು ಯಾರಿಗೆ ಸೇವೆ ಮಾಡುತ್ತಿದ್ದಾರೆ? ಆ ಪ್ರಯಾಣದ ವೆಚ್ಚದಲ್ಲಿ ಆ ದೇಶದ ಉಪಾಧ್ಯಾಯಿನಿಯೊಬ್ಬಳಿಗೆ ತಿಂಗಳುಗಟ್ಟಲೆ ಸಂಬಳ ಕೊಡಬಹುದಾಗಿತ್ತು.

ಧರ್ಮಬೋಧೆಯ ಮಾತನ್ನೂ ಇಲ್ಲಿ ಬಿಡುವಂತಿಲ್ಲ. ತನ್ನ ನಂಬಿಕೆಯನ್ನು ಪರರಿಗೆ ಹೇಳುವ ಹಕ್ಕು ಯಾವ ಮತದವನಿಗೂ ಉಂಟು. ಕೇಳಿ ಒಪ್ಪುವ ಅಥವಾ ಬಿಡುವ ಹಕ್ಕು ಕೇಳುವವನಿಗೂ ಉಂಟು. ಬೌದ್ಧರ ಮನೆಯಿಂದ ಬಂದ ಏಳು ವರ್ಷದ ಮಗುವಿಗೆ ಅನ್ನ, ಹಾಸಿಗೆ, ಶಾಲೆ, ಮುದ್ದು ಎಲ್ಲವೂ ಒಂದೇ ಕೈಯಿಂದ ಬರುತ್ತಿರುವಾಗ, ಅದೇ ಕೈ ಪ್ರಾರ್ಥನೆಗೆ ಕರೆದರೆ ಬಾರೆನೆಂದು ಹೇಳುವ ಸ್ವಾತಂತ್ರ್ಯ ಅದಕ್ಕೆಲ್ಲಿದೆ? ಹಾಗೆ ಬಂದ ಭಕ್ತಿ ಭಕ್ತಿಯಲ್ಲವೆಂಬುದನ್ನು ಕ್ರೈಸ್ತರಲ್ಲಿಯೇ ವಿವೇಕಿಗಳಾದವರು ಒಪ್ಪುತ್ತಾರೆ.

ಇನ್ನು ಪೂರ್ವಪಕ್ಷಗಳು. ಮನೆಯಲ್ಲಿ ಹಸಿದಿರುವುದಕ್ಕಿಂತ ಆಲಯದಲ್ಲಿ ಉಂಡಿರುವುದು ಮೇಲಲ್ಲವೆ ಎಂಬುದು ಮೊದಲನೆಯದು. ಹಸಿವಿಗೆ ಅನ್ನ ಪರಿಹಾರವೇ ಹೊರತು ತಾಯಿಯನ್ನು ಬಿಡಿಸುವುದು ಪರಿಹಾರವಲ್ಲ. ಅನ್ನವನ್ನು ಆಲಯಕ್ಕೆ ಕಳುಹಿಸಬಲ್ಲವರು ಮನೆಗೂ ಕಳುಹಿಸಬಲ್ಲರು. ಅದಕ್ಕೆ ವೆಚ್ಚವೂ ಕಡಮೆ. ಟಾಂಜಾನಿಯದ ಕಗೇರಾ ಪ್ರಾಂತದಲ್ಲಿ ಲೆಕ್ಕ ಹಾಕಿದಾಗ, ಒಂದು ಮಗುವನ್ನು ಆಲಯದಲ್ಲಿಡುವ ಖರ್ಚು ಸಾಕುಸಂಸಾರದಲ್ಲಿಡುವ ಖರ್ಚಿನ ಸುಮಾರು ಆರು ಪಟ್ಟು ಎಂದು ಕಂಡಿತು. ಆರು ಮಕ್ಕಳಿಗಾಗುವ ಹಣವನ್ನು ಒಂದು ಮಗುವಿಗೆ ವ್ಯಯಮಾಡಿ, ಅದಕ್ಕೂ ಅಹಿತವನ್ನೇ ಮಾಡುವುದು ದಾನವೂ ಅಲ್ಲ, ಲೆಕ್ಕವೂ ಅಲ್ಲ.

ನಿಜವಾಗಿ ಯಾರೂ ಇಲ್ಲದ ಮಕ್ಕಳ ಗತಿಯೇನೆಂಬುದು ಎರಡನೆಯದು. ಅಂಥವರು ಇದ್ದಾರೆ, ಸ್ವಲ್ಪ ಮಂದಿ. ಅವರಿಗೂ ಅಜ್ಜಿ, ಸೋದರಮಾವ, ಚಿಕ್ಕಮ್ಮ, ನೆರೆಯವರು, ಸಾಕುಸಂಸಾರ ಎಂಬ ಮೆಟ್ಟಿಲುಗಳನ್ನೆಲ್ಲ ಹತ್ತಿ ನೋಡಿದ ಮೇಲೆ ಕೊನೆಯ ಮೆಟ್ಟಿಲಾಗಿ ಚಿಕ್ಕ ಆಲಯಗಳು ಇರಲಿ. ೨೦೦೯ರಲ್ಲಿ ಸಂಯುಕ್ತರಾಷ್ಟ್ರಗಳ ಮಹಾಸಭೆ ಒಪ್ಪಿದ ಸೂತ್ರಗಳ ಸಾರವೂ ಇದೇ. ಬಡತನವೊಂದೇ ಮಗುವನ್ನು ಮನೆಯಿಂದ ಬಿಡಿಸಲು ಕಾರಣವಾಗಕೂಡದೆಂದು ಅವು ವಿಧಿಸುತ್ತವೆ. ಮೊದಲನೆಯ ಮೆಟ್ಟಿಲನ್ನೇ ಕೊನೆಯದನ್ನಾಗಿ ಮಾಡಿರುವುದು ಈಗಿನ ವ್ಯಾಪಾರದ ದೋಷ.

ಎಲ್ಲ ಆಲಯಗಳೂ ಮೋಸವಲ್ಲ, ಹಣ ನಿಂತರೆ ಒಳಗಿರುವ ಮಕ್ಕಳು ಬೀದಿಗೆ ಬೀಳುವರು ಎಂಬುದು ಮೂರನೆಯದು. ಮೋಸವಲ್ಲದುವು ಇವೆಯೆಂಬುದು ಸತ್ಯ; ಹಣವನ್ನು ಒಮ್ಮೆಗೇ ನಿಲ್ಲಿಸಬಾರದೆಂಬುದೂ ಸತ್ಯ. ಬಂದ ದಾರಿಯಲ್ಲಿಯೇ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಮನೆ ಹುಡುಕಿ ಸೇರಿಸುವವರೆಗೆ ಹಣ ನಡೆಯಲಿ; ಆಲಯದ ಹಣ ಕ್ರಮವಾಗಿ ಆ ಮ��ೆಗಳ ಹಣವಾಗಲಿ. ಕ್ರೈಸ್ತರೇ ಹೆಚ್ಚಾಗಿರುವ ಆಫ್ರಿಕದ ರುವಾಂಡ ದೇಶ ೨೦೧೨ರಲ್ಲಿ ಈ ಸಂಕಲ್ಪವನ್ನು ಮಾಡಿ, ಆಲಯಗಳಲ್ಲಿದ್ದ ಮೂರು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಸಂಸಾರಗಳಿಗೆ ಸೇರಿಸುವ ಕಾರ್ಯಕ್ಕೆ ಕೈಹಾಕಿತು. ೧೯೯೪ರ ನರಮೇಧವನ್ನು ಕಂಡ ಆ ದೇಶಕ್ಕೆ ಸಾಧ್ಯವೆಂದು ತೋರಿದುದು ಬೇರೆಯವರಿಗೆ ಅಸಾಧ್ಯವೆಂದು ಹೇಳುವುದು ಸೋಮಾರಿತನ.

ಅನ್ಯಮತದ ಸೇವೆಯಲ್ಲಿ ದೋಷ ಹುಡುಕುವುದು ಸುಲಭವೆಂಬುದು ನಾಲ್ಕನೆಯ ಆಕ್ಷೇಪ. ದೋಷವನ್ನು ಮೊದಲು ಕಂಡು ಕೂಗಿದವರಲ್ಲಿ ಕ್ರೈಸ್ತರೂ ಇದ್ದಾರೆ. ಆಲಯಗಳಿಗೆ ಕೊಡುತ್ತಿದ್ದ ಹಣವನ್ನು ಸಂಸಾರಗಳ ಕಡೆಗೆ ತಿರುಗಿಸಬೇಕೆಂದು ಅಮೆರಿಕದಲ್ಲಿಯೂ ಆಸ್ಟ್ರೇಲಿಯದಲ್ಲಿಯೂ ಅವರ ಸಂಸ್ಥೆಗಳೇ ದುಡಿಯುತ್ತಿವೆ. ಇನ್ನು ಕನ್ನಡ ಮನೆಗಳು ನಿರ್ದೋಷವೆಂದು ಯಾರೂ ಭ್ರಮಿಸಬೇಕಾಗಿಲ್ಲ. ಮಗುವಿನ ಹುಟ್ಟುಹಬ್ಬದ ದಿನ ಅನಾಥಾಲಯಕ್ಕೆ ಹೋಗಿ, ಅಲ್ಲಿಯ ಮಕ್ಕಳನ್ನು ಸಾಲಾಗಿ ಕೂರಿಸಿ, ಸಿಹಿ ಹಂಚಿ, ಹಾಡು ಹೇಳಿಸಿ, ಚಿತ್ರ ತೆಗೆಸಿ ಹತ್ತು ಜನಕ್ಕೆ ತೋರಿಸುವ ಪದ್ಧತಿ ವಿದ್ಯಾವಂತರ ಮನೆಗಳಲ್ಲಿ ಚೆನ್ನಾಗಿ ಬೇರೂರಿದೆ. ಬೇರೆಯವನ ಹುಟ್ಟುಹಬ್ಬದ ಹೋಳಿಗೆಯನ್ನು ಚಪ್ಪಾಳೆ ತಟ್ಟಿ ತಿನ್ನಬೇಕಾದ ಮಗುವಿನ ಮನಸ್ಸನ್ನು ಕೇಳಿದವರಿಲ್ಲ. ಆಲಯ ಕೊನೆಯ ಉಪಾಯವೆಂಬುದು ಭಾರತದ ೨೦೧೫ರ ಬಾಲನ್ಯಾಯ ಶಾಸನದ ತತ್ತ್ವಗಳಲ್ಲಿಯೂ ಒಂದು. ಅದು ಕಾಗದದಲ್ಲಿದ್ದರೆ ಸಾಲದು.

ಲೋಕದ ಕಣ್ಣು ಮೆಲ್ಲಗೆ ತೆರೆಯುತ್ತಿದೆ. ೨೦೧೮ರಲ್ಲಿ ಆಧುನಿಕ ದಾಸ್ಯದ ಶಾಸನವನ್ನು ಮಾಡುವಾಗ ಆಸ್ಟ್ರೇಲಿಯ, ಅನಾಥಾಲಯಗಳಿಗೆಂದು ಮಕ್ಕಳನ್ನು ಸಾಗಿಸುವುದೂ ದಾಸ್ಯದ ಒಂದು ಬಗೆಯೆಂದು ಒಪ್ಪಿತು. ೨೦೧೯ರ ಡಿಸೆಂಬರಿನಲ್ಲಿ ಸಂಯುಕ್ತರಾಷ್ಟ್ರಗಳ ಮಹಾಸಭೆ, ಪ್ರವಾಸದ ಜೊತೆ ಬೆರೆತ ಇಂಥ ಸ್ವಯಂಸೇವೆಯ ಕೇಡನ್ನು ತಡೆಯಬೇಕೆಂದು ರಾಷ್ಟ್ರಗಳಿಗೆ ಹೇಳಿತು. ಆದರೆ ಶಾಸನ ದಳ್ಳಾಳಿಯನ್ನು ಹಿಡಿಯಬಹುದು. ದಾನಿಯ ಹೃದಯವನ್ನು ತಿದ್ದಲಾರದು. ಅದು ಸಭೆಗಳ ಕೆಲಸ, ಪಾದ್ರಿಗಳ ಕೆಲಸ, ಮಕ್ಕಳನ್ನು ಕಳುಹಿಸಿಕೊಡುವ ತಂದೆತಾಯಿಗಳ ಕೆಲಸ.

ಭಕ್ತನಾದ ತರುಣನು ಹೋಗಲೇಬಾರದೆಂದಲ್ಲ. ಹೋಗುವ ಮೊದಲು ಒಂದು ಪ್ರಶ್ನೆಯನ್ನು ಕೇಳಲಿ: ಈ ಮಗುವಿನ ತಾಯಿ ಎಲ್ಲಿದ್ದಾಳೆ? ಉತ್ತರ ಕೊಡಲಾರದ ಸಂಸ್ಥೆಗೆ ಕಾಸನ್ನೂ ಕೊಡದಿರಲಿ. ಉತ್ತರ ದೊರೆತರೆ ಆ ತಾಯಿಯ ಸಾಲಕ್ಕೆ, ಬಾವಿಗೆ, ಹೊಲಿಗೆಯಂತ್ರಕ್ಕೆ, ಮಗುವಿನ ಶಾಲೆಗೆ ಕೊಡಲಿ. ಆಕೆಯ ಚಿತ್ರ ತೆಗೆಯಬೇಕಾಗಿಲ್ಲ. ಆಕೆ ಓಡಿಬಂದು ತಬ್ಬಿಕೊಳ್ಳುವುದೂ ಇಲ್ಲ. ಊರಿಗೆ ಹಿಂದಿರುಗಿ ಸಭೆಯಲ್ಲಿ ಹೇಳಲು ದೊಡ್ಡ ಕಥೆಯೂ ಉಳಿಯುವುದಿಲ್ಲ. ಸಂಜೆ ಶಾಲೆಯಿಂದ ಬಂದ ಮಗು ತನ್ನ ಮನೆಯ ಒಲೆಯ ಮುಂದೆ ಕುಳಿತು ಉಣ್ಣುತ್ತದೆ, ಅಷ್ಟೆ. ಯಾಕೋಬನು ಹೇಳಿದ ನಿರ್ಮಲವಾದ ಭಕ್ತಿ ಅಷ್ಟರಿಂದ ತೃಪ್ತಿಪಡಲಾರದಾದರೆ, ಅದು ಬೇಡುತ್ತಿರುವುದು ಮಗುವಿನ ಹಿತವನ್ನಲ್ಲ, ತನ್ನ ಸುಖವನ್ನು.